ಗೀಸರಿನ ತಣ್ಣೀರು

ರಾಜಕೀಯವನ್ನು ಎಲ್ಲಿ ಕಲಿತಿರಿ ಎಂದು ಅಮೆರಿಕದಲ್ಲಿ ನನ್ನನ್ನು ಕೇಳದವರಿಲ್ಲ. ವಿಶ್ವವಿದ್ಯಾಲಯದಲ್ಲಿ ಅರ್ಧ ಆಯುಷ್ಯ ರಾಜ್ಯಶಾಸ್ತ್ರ ಪಾಠ ಹೇಳಿದವಳು, ನಡುವೆ ಅಲ್ಲಿನ ಒಂದು ರಾಜ್ಯದ ಶಾಸನಸಭೆಗೆ ನಾಲ್ಕು ಸಲ ಗೆದ್ದು ಒಂದು ಸಲ ಸೋತವಳು, ಹಾಗಾಗಿ ಜನ ದೊಡ್ಡ ಉತ್ತರವನ್ನೇ ನಿರೀಕ್ಷಿಸುತ್ತಾರೆ. ನಾನೂ ಅವರನ್ನು ನಿರಾಶೆ ಮಾಡುವುದಿಲ್ಲ. ನಾಲ್ಕು ದಪ್ಪ ಪುಸ್ತಕಗಳ ಹೆಸರು ಹೇಳಿ, ನನ್ನ ಗುರುಗಳ ಹೆಸರು ಹೇಳಿ, ಕನ್ನಡಕ ಸರಿಮಾಡಿಕೊಳ್ಳುತ್ತೇನೆ. ಅದೆಲ್ಲ ಸುಳ್ಳು. ನಾನು ಕಲಿತದ್ದು ಮಸ್ಕತ್ತಿನ ವಾದಿ ಕಬೀರಿನಲ್ಲಿ, ಮೂರನೇ ಮಹಡಿಯ ಒಂದು ಫ್ಲ್ಯಾಟಿನ ಬಚ್ಚಲ ಬಾಗಿಲ ಮುಂದೆ, ಹೆಗಲಿಗೆ ಟವೆಲ್ ಹಾಕಿಕೊಂಡು ಸಾಲಿನಲ್ಲಿ ನಿಂತು. ಆಗ ನನಗೆ ಹತ್ತು ವರ್ಷ. ಆ ವರ್ಷದ ಬೇಸಿಗೆಯಲ್ಲಿ ನಾನು ಮೊದಲ ಸಲ ಒಂದು ಮತದಾನ ಗೆದ್ದೆ, ಗೆದ್ದು ಒಬ್ಬರ ಜೀವಕ್ಕೇ ಸಂಚಕಾರ ತಂದುಬಿಡುತ್ತಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫ್ಲ್ಯಾಟಿನಲ್ಲಿ ಎರಡು ಕೋಣೆ, ನಡುವೆ ಒಂದು ಹಾಲ್, ಒಂದು ಅಡುಗೆಮನೆ, ಒಂದೇ ಬಚ್ಚಲು. ರಸ್ತೆಯ ಕಡೆಯ ಕೋಣೆ ನಮ್ಮದು: ಪಪ್ಪಾ, ಮಮ್ಮಿ, ನಾನು, ಏಳು ವರ್ಷದ ತಮ್ಮ ರೋಶನ್. ಗುಡ್ಡದ ಕಡೆಯ ಕೋಣೆ ಶೇಖರಣ್ಣ, ಗಿರಿಜಕ್ಕ ದಂಪತಿಯದು. ಮದುವೆಯಾಗಿ ಎರಡು ವರ್ಷವಾಗಿದ್ದ ಅವರಿಗೆ ಇನ್ನೂ ಮಕ್ಕಳಿರಲಿಲ್ಲ. ಕಟ್ಟಡದ ಕೆಳಗೆ ಗ್ಯಾರೇಜುಗಳ ಸಾಲು. ಬೆಳಗಾದರೆ ತಗಡು ಬಡಿಯುವ ಸದ್ದು, ಪೇಂಟಿನ ವಾಸನೆ. ಪಪ್ಪಾ ಆ ಸಾಲಿನ ಕೊನೆಯ ಗ್ಯಾರೇಜಿನಲ್ಲಿ ಸ್ಟೋರ್ ಕೀಪರ್, ಶೇಖರಣ್ಣ ಪಕ್ಕದ ಬಡಾವಣೆ ರುವಿಯ ಒಂದು ಆಫೀಸಿನಲ್ಲಿ ಕ್ಲರ್ಕ್. ನಾವು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಶೇಖರಣ್ಣ ಕಾಪುವಿನ ಕಡೆಯ ತುಳುವರು. ಗಂಡಸರಿಬ್ಬರೂ ತುಳುವಿನಲ್ಲಿ ಮಾತಾಡಿಕೊಂಡು ಹಾಯಾಗಿ ಇರಬಹುದಿತ್ತು. ಆದರೆ ಗಿರಿಜಕ್ಕ ಕುಂದಾಪುರದವಳು, ಅವಳಿಗೆ ತುಳು ಬಾರದು. ಅವಳು ಬಂದ ದಿನದಿಂದ ಆ ಮನೆಯ ಭಾಷೆ ಕನ್ನಡವಾಯಿತು. ನಾನು ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಅವಳೇ ಕಾರಣ.

ಶಾಲೆಯಲ್ಲಿ ನಮಗೆ ಇಂಗ್ಲಿಷ್, ಹಿಂದಿ, ಒಂದಿಷ್ಟು ಅರಬ್ಬಿ. ಕನ್ನಡದ ಅಕ್ಷರ ಕಲಿಸಿದ್ದು ಗಿರಿಜಕ್ಕ. ಮಧ್ಯಾಹ್ನ ಊಟವಾದ ಮೇಲೆ ಮಮ್ಮಿ ಮಲಗುತ್ತಿದ್ದರು. ನಾವಿಬ್ಬರೂ ಅಡುಗೆಮನೆಯ ಟೈಲ್ಸ್ ನೆಲದಲ್ಲಿ ಹೊಟ್ಟೆ ಅಡಿಯಾಗಿ ಬಿದ್ದುಕೊಳ್ಳುತ್ತಿದ್ದೆವು. ಅವಳ ಪಕ್ಕ ಒಂದು ಲೋಟ ನೀರು. ಬೆರಳು ಅದ್ದಿ ನೆಲದ ಮೇಲೆ ಬರೆಯುವುದು, ನಾನು ಅದನ್ನು ನೋಡಿ ಕೆಳಗೆ ಬರೆಯುವುದು. ಆ ಸೆಕೆಗೆ ಪದ ಮುಗಿಯುವ ಮೊದಲೇ ಮೊದಲನೆಯ ಅಕ್ಷರ ಆರಿಹೋಗಿರುತ್ತಿತ್ತು. ಬೇಗ ಓದದಿದ್ದರೆ ಓದಲು ಏನೂ ಉಳಿಯುತ್ತಿರಲಿಲ್ಲ. ನಾನು ಈಗಲೂ ಕನ್ನಡವನ್ನು ಗಡಿಬಿಡಿಯಲ್ಲಿ ಓದುತ್ತೇನೆ. ನನಗೆ ಅಕ್ಕ ಇರಲಿಲ್ಲ, ಅವಳಿಗೆ ತಂಗಿ ಇರಲಿಲ್ಲ. ಅವಳ ಮೇಲೆ ನನಗಿದ್ದ ಪ್ರೀತಿ ಎಷ್ಟೆಂದರೆ, ಅವಳ ಹಾಗೆ ಬೂತಾಯಿ ಮೀನನ್ನು ತಲೆಸಮೇತ ತಿನ್ನುವುದನ್ನೂ ಕಲಿತಿದ್ದೆ. ಮಮ್ಮಿಗೆ ಅದನ್ನು ನೋಡಿದರೆ ಮೈ ಜುಮ್ಮೆನ್ನುತ್ತಿತ್ತು.

ಒಂದೇ ಛಾವಣಿಯಡಿ ಎರಡು ಸಂಸಾರ ಎಂದರೆ ಜಗಳ ತಪ್ಪಿದ್ದಲ್ಲ. ಸ್ಟೌವಿನ ದೊಡ್ಡ ಬರ್ನರ್ ಯಾರಿಗೆ, ಸೋಮವಾರ ಶೇಖರಣ್ಣನಿಗೆ ಮೀನು ವರ್ಜ್ಯವಾದರೆ ನಾವು ಹುರಿಯಬಹುದೇ, ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಶುಕ್ರವಾರಗಳಲ್ಲಿ ನಮಗೆ ಮಾಂಸ ಇಲ್ಲವಾದರೆ ಅವರ ಕೋಳಿ ಸುಕ್ಕದ ಪರಿಮಳವನ್ನು ನಾವೇನು ಮಾಡುವುದು, ಟಿವಿ ಯಾರ ಕೋಣೆಯ ಗೋಡೆಗೆ ಬೆನ್ನು ಹಾಕಿರಬೇಕು. ಇವೆಲ್ಲ ತೀರ್ಮಾನವಾಗುತ್ತಿದ್ದದ್ದು ಅಲ್ಲಿನ ವಾರದ ರಜೆಯಾದ ಶುಕ್ರವಾರ. ನಾವು ಚರ್ಚಿನಿಂದ ಬಂದು, ಎರಡೂ ಮನೆಯವರು ಒಟ್ಟಿಗೆ ಊಟ ಮಾಡಿ, ಹಾಲಿನಲ್ಲಿ ಪ್ಲಾಸ್ಟಿಕ್ ಚಾಪೆ ಹಾಸಿ, ಮಮ್ಮಿ ಕೆಟಲಿನಲ್ಲಿ ಚಾ ತಂದಿಟ್ಟರೆ ಸಭೆ ಶುರು. ಚಾಪೆಯಲ್ಲಿ ಕೂರುವ ಹಕ್ಕು ಯಾರಿಗೆ ಎನ್ನುವುದನ್ನೂ ಪಪ್ಪಾ ನಿಗದಿ ಮಾಡಿದ್ದರು. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವಷ್ಟು ಬುದ್ಧಿ ಬಂದ ಮಕ್ಕಳಿಗೆ ಜಾಗ ಉಂಟು, ಉಳಿದವರು ಆಚೆ ಹೋಗಿ ಆಡಲಿ. ಹೀಗಾಗಿ ನಾನು ಒಳಗೆ, ರೋಶನ್ ಹೊರಗೆ. ಪ್ರತಿ ವಿಷಯಕ್ಕೂ ಪಪ್ಪಾ ಒಬ್ಬೊಬ್ಬರ ಮುಖ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು.

“ಅಡ್ಡಿ ಉಂಟಾ?”

ಒಬ್ಬೊಬ್ಬರೂ “ಅಡ್ಡಿಲ್ಲ” ಎನ್ನಬೇಕು. ಗಿರಿಜಕ್ಕ ತನ್ನ ಊರಿನ ಹಾಗೆ “ಅಡ್ಡಿಲ್ಲೆ” ಎನ್ನುತ್ತಿದ್ದಳು. ಐದೂ ಜನ ಹೇಳಿದ ಮೇಲೆ ಪಪ್ಪಾ ಚಾಪೆಗೆ ಅಂಗೈ ಬಡಿದು “ಖಲಾಸ್!” ಎಂದರೆ ಅದು ಆ ಮನೆಯ ಕಾನೂನು. ಒಬ್ಬರು ಹೇಳದಿದ್ದರೂ ವಿಷಯ ಮುಂದಿನ ಶುಕ್ರವಾರಕ್ಕೆ ಹೋಗುತ್ತಿತ್ತು. ಯಾಕೆ ಅಡ್ಡಿ ಎಂದು ಕೇಳುವ ಪದ್ಧತಿ ಇರಲಿಲ್ಲ. ಹೇಳಬೇಕೆನಿಸಿದರೆ ಹೇಳುತ್ತಿದ್ದರು, ಇಲ್ಲವಾದರೆ ಚಾ ಕುಡಿಯುತ್ತಿದ್ದರು. ಟಿವಿಯ ಜಾಗ ತೀರ್ಮಾನವಾಗಲು ಏಳು ಶುಕ್ರವಾರ ಹಿಡಿಯಿತು. ನನಗಂತೂ ಇದಕ್ಕಿಂತ ದಡ್ಡ ವ್ಯವಸ್ಥೆ ಭೂಮಿಯ ಮೇಲೆ ಇರಲಾರದು ಎನಿಸುತ್ತಿತ್ತು.

ಇನ್ನು ಗೀಸರಿನ ವಿಷಯ. ಗಲ್ಫಿನಲ್ಲಿ ಬೇಸಿಗೆ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರು ನಂಬುವುದಿಲ್ಲ. ಟ್ಯಾಂಕರ್ ತಂದು ತುಂಬಿದ ನೀರು ತಾರಸಿಯ ಟ್ಯಾಂಕಿನಲ್ಲಿ ಬಿಸಿಲಿಗೆ ಬೆಂದು, ಮೇ ತಿಂಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಚಾಪುಡಿ ಹಾಕುವಂಥ ನೀರು ಬರುತ್ತದೆ. ಬೆಳಿಗ್ಗೆ ಐದಕ್ಕೂ ಅಷ್ಟೇ. ಅದಕ್ಕೆ ಉಪಾಯವೆಂದರೆ ಏಪ್ರಿಲಿನಲ್ಲೇ ಬಚ್ಚಲಿನ ಗೀಸರಿನ ಸ್ವಿಚ್ ಆರಿಸಿಬಿಡುವುದು. ಅದರ ಹೊಟ್ಟೆಯಲ್ಲಿ ನಿಂತ ನೀರು ಬೆಳಗಾಗುವಷ್ಟರಲ್ಲಿ ತಣಿದಿರುತ್ತದೆ. ಆಮೇಲೆ ಕೆಂಪು ಗುರುತಿನ ಬಿಸಿನೀರಿನ ನಲ್ಲಿಯೇ ತಣ್ಣೀರಿನ ನಲ್ಲಿ. ಆದರೆ ಗೀಸರ್ ಒಂದು, ನಾವು ಆರು ಜನ. ಎರಡೂವರೆ ಸ್ನಾನಕ್ಕೆ ಆ ತಂಪು ಮುಗಿದು, ಮೇಲಿನಿಂದ ಸುಡುನೀರು ಇಳಿಯಲು ಶುರುವಾಗುತ್ತಿತ್ತು. ಯಾರು ಮೊದಲು, ಯಾರು ಆಮೇಲೆ ಎನ್ನುವುದರ ಮೇಲೆ ನಮ್ಮ ಮನೆಯ ಶಾಂತಿ ನಿಂತಿತ್ತು. ಮೊದಲಿನಿಂದಲೂ ಶಾಲೆಗೆ ಹೋಗುವ ಮಕ್ಕಳು ಮುಂದೆ. ಆ ಮೇ ತಿಂಗಳ ಮೊದಲ ಶುಕ್ರವಾರ ಮಾತ್ರ ಶೇಖರಣ್ಣ ಚಾಪೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಒಂದು ಮಾತು ಎತ್ತಿದರು.

“ಪೊರ್ಬುಗಳೇ, ಇನ್ನು ಸ್ವಲ್ಪ ದಿನ ಗಿರಿಜ ಮೊದಲು ಸ್ನಾನ ಮಾಡಲಿ ಅಂತ.”

ಪೊರ್ಬುಗಳು ಎಂದರೆ ಪಪ್ಪಾ, ತುಳುವರು ನಮ್ಮವರನ್ನು ಗೌರವದಿಂದ ಕರೆಯುವುದು ಹಾಗೆ, ಹೆಂಗಸರಾದರೆ ಬಾಯಮ್ಮ. ಪಪ್ಪಾ ಎಲ್ಲರ ಮುಖ ನೋಡಿದರು, ಎಲ್ಲರೂ ಅಡ್ಡಿಲ್ಲ ಎಂದರು. ನಾನೂ ಎಂದೆ. ಮಾರನೆಯ ದಿನದಿಂದ ಗಿರಿಜಕ್ಕ ಮೊದಲು, ರೋಶನ್ ಎರಡನೆಯವನು, ನಾನು ಮೂರನೆಯವಳು. ಆ ಎರಡೂವರೆಯಲ್ಲಿ ಅರ್ಧ ನನ್ನ ಪಾಲಿಗೆ. ತಲೆಗೆ ಮೊದಲ ಚೆಂಬು ತಂಪು, ಎರಡನೆಯದು ಬಿಸಿ. ಕೆಂಡದ ಮುಖ ಹೊತ್ತು ಶಾಲೆಯ ಬಸ್ಸು ಹತ್ತುತ್ತಿದ್ದೆ. ಅದೇ ಹೊತ್ತಿಗೆ ಶಾಲೆಯಲ್ಲಿ ನನ್ನನ್ನು ಕ್ಲಾಸ್ ಮಾನಿಟರ್ ಆಗಿ ಕೈ ಎತ್ತಿಸಿ ಆರಿಸಿದ್ದರು. ಎದೆಯ ಮೇಲೆ ಬ್ಯಾಡ್ಜ್ ಬಂದಿತ್ತು, ತಲೆಯೊಳಗೆ ಹವೆಯೂ ತುಂಬಿತ್ತು. ದಿನವಿಡೀ ಮನೆಯಲ್ಲೇ ಇರುವ ಗಿರಿಜಕ್ಕನಿಗೆ ಬೆಳಿಗ್ಗೆ ಐದೂವರೆಗೆ ಎಂಥ ಅವಸರ ಎಂದು ನಾನು ಬಸ್ಸಿನ ಕಿಟಕಿಗೆ ತಲೆ ಆನಿಸಿ ಯೋಚಿಸಿದೆ. ಎಷ್ಟು ಯೋಚಿಸಿದರೂ ನನ್ನ ಎಣಿಕೆಯೇ ಸರಿ ಎಂದು ಕಾಣುತ್ತಿತ್ತು. ಪ್ರೀತಿ ಬೇರೆ, ನ್ಯಾಯ ಬೇರೆ ಎಂದುಕೊಂಡೆ. ಹತ್ತು ವರ್ಷದವರಿಗೆ ಇಂಥ ಮಾತು ಬಹಳ ಸುಲಭವಾಗಿ ಬರುತ್ತದೆ.

ಮುಂದಿನ ಶುಕ್ರವಾರ ಬ್ಯಾಡ್ಜ್ ಸಮೇತ ಚಾಪೆಯಲ್ಲಿ ಕುಳಿತೆ. ಮನೆಯಿಂದ ಹೊರಗೆ ಹೋಗುವವರು ಮೊದಲು, ಮನೆಯಲ್ಲಿರುವವರು ಆಮೇಲೆ ಎಂದು ಹೊಸ ನಿಯಮ ಆಗಬೇಕು, ಅದಕ್ಕೆ ಮತದಾನ ಆಗಬೇಕು ಎಂದೆ. ಪಪ್ಪಾ ಚಾ ಲೋಟ ಕೆಳಗಿಟ್ಟರು. ಮಗಳು ಶಾಲೆಯಲ್ಲಿ ಕಲಿತದ್ದನ್ನು ಮನೆಗೆ ತಂದಳೆಂಬ ಹೆಮ್ಮೆ ಅವರ ಮುಖದಲ್ಲಿ ಉಕ್ಕಿತು.

“ಕೇಳಿದಿರಾ ಶೇಖರ್, ಇಂಡಿಯನ್ ಸ್ಕೂಲಿನ ಪಾಠ. ಒಮ್ಮೆ ನೋಡುವ, ಎಂತ ಆಗ್ತದೆ ಅಂತ.”

“ಮತ ಎಲ್ಲ ಎಂತಕ್ಕೆ ಪೊರ್ಬುಗಳೇ? ಗಿರಿಜ ಬೇಗ ಮಾಡಲಿ ಅಂತ ಹೇಳಿದ್ದಲ್ಲವಾ.”

“ಯಾಕೆ ಬೇಗ?” ಎಂದು ಕೇಳಿದ್ದು ನಾನು.

ಶೇಖರಣ್ಣ ಹೆಂಡತಿಯನ್ನು ನೋಡಿದರು. ಅವಳು ಕೆಟಲಿನ ಮುಚ್ಚಳವನ್ನು ನೋಡುತ್ತಿದ್ದಳು.

“ಹಾಗೇ.”

“ದಟ್ ಈಸ್ ನಾಟ್ ಎ ರೀಸನ್, ಅಂಕಲ್.”

ದಿನಾ ಶೇಖರಣ್ಣ ಎನ್ನುತ್ತಿದ್ದವಳು ಅವತ್ತು ಅಂಕಲ್ ಎಂದೆ. ಮಮ್ಮಿ ಕೊಂಕಣಿಯಲ್ಲಿ ಸುಮ್ಮನಿರು ಎಂದರು. ನಾನು ಸುಮ್ಮನಿರಲಿಲ್ಲ. ಲೆಕ್ಕ ಹಾಕಿದೆ. ಪಪ್ಪಾ ಮತ್ತು ನಾನು ಎರಡು. ಶೇಖರಣ್ಣ ಮತ್ತು ಗಿರಿಜಕ್ಕ ಎರಡು. ಮಮ್ಮಿ ನನ್ನ ಕಡೆ ಎಂದು ನಂಬಿದ್ದೆ. ಆದರೆ ಪಪ್ಪಾ ಕೈ ಎತ್ತಿ ಎಂದಾಗ ಮಮ್ಮಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತರು. ಯಾವ ಕಡೆಗೂ ಎತ್ತಲಿಲ್ಲ. ಆಗ ನಾನು ಎದ್ದು ಹೋಗಿ ಕಾರಿಡಾರಿನಲ್ಲಿ ಆಡುತ್ತಿದ್ದ ರೋಶನನನ್ನು ಕರೆತಂದೆ. ಅವನೂ ಸ್ನಾನ ಮಾಡುವವನೇ, ಆದ್ದರಿಂದ ಅವನಿಗೂ ಮತ ಉಂಟು ಎಂದು ವಾದಿಸಿದೆ. ಬಸ್ಸಿನಲ್ಲಿ ಕಿಟಕಿಯ ಸೀಟು ಒಂದು ವಾರ ಅವನಿಗೆ ಎಂದು ಬಾಗಿಲ ಹತ್ತಿರವೇ ಒಪ್ಪಂದ ಮುಗಿಸಿದ್ದೆ. ಮುಂದೆ ಶಾಸನಸಭೆಯಲ್ಲಿ ತಲೆ ನರೆತ ಗಂಡಸರು ಗೆಲ್ಲುವುದಕ್ಕೆಂದು ಮತದಾರರ ಪಟ್ಟಿಯನ್ನೇ ಹಿಗ್ಗಿಸಿ ಕುಗ್ಗಿಸುವುದನ್ನು ಬೇಕಾದಷ್ಟು ಕಂಡೆ. ಯಾರೂ ನನ್ನಷ್ಟು ಚೊಕ್ಕಟವಾಗಿ ಮಾಡಲಿಲ್ಲ. ಮೂರಕ್ಕೆ ಎರಡು. ಪಪ್ಪಾ ಖಲಾಸ್ ಎಂದರು. ಗಿರಿಜಕ್ಕ ನಗುತ್ತಲೇ ನನ್ನ ಕೆನ್ನೆ ಹಿಂಡಿದಳು.

“ಅಡ್ಡಿಲ್ಲೆ ಹೆಣೆ. ನಂಗೆಂತ ಅರ್ಜೆಂಟ್ ಇಲ್ಲೆ.”

ಒಂದು ವಿಷಯವನ್ನು ನಾನು ಅವತ್ತೇ ಗಮನಿಸಬೇಕಿತ್ತು. ಶೇಖರಣ್ಣನೂ ಬೆಳಿಗ್ಗೆ ಕೆಲಸಕ್ಕೆ ಹೋಗುವವರು. ಹೊಸ ನಿಯಮದಿಂದ ಅವರ ಸರದಿ ಮುಂದೆ ಬರುತ್ತಿತ್ತು. ಹಾಗಿದ್ದೂ ಆ ಮನುಷ್ಯ ತನ್ನದೇ ತಂಪು ನೀರಿನ ವಿರುದ್ಧ ಕೈ ಎತ್ತಿದ್ದರು. ಯಾರಾದರೂ ತಮ್ಮ ಲಾಭದ ವಿರುದ್ಧ ನಿಂತರೆ ಅಲ್ಲಿ ನಿಂತು ನೋಡಬೇಕು ಎಂದು ಈಗ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅವತ್ತು ನಾನು ನೋಡಿದ್ದು ಎಷ್ಟು ಕೈಗಳು ಎಂದು ಮಾತ್ರ.

ಹದಿಮೂರು ದಿನ ನನ್ನ ಕಾನೂನು ನಡೆಯಿತು. ಗುರುವಾರವೂ ನಮಗೆ ಶಾಲೆಗೆ ರಜೆ, ಆದರೂ ನಾನು ಸರದಿ ಬಿಡಲಿಲ್ಲ. ನಿಯಮ ಎಂದರೆ ನಿಯಮ ಎಂದು ರಜೆಯ ದಿನವೂ ಆರಕ್ಕೇ ಎದ್ದು ತಂಪು ನೀರು ಸುರಿದುಕೊಂಡೆ. ಎರಡನೆಯ ಗುರುವಾರ ಗಂಡಸರು ಕೆಲಸಕ್ಕೆ ಹೋದ ಮೇಲೆ, ಒಂಬತ್ತು ಗಂಟೆಯ ಹೊತ್ತಿಗೆ, ಗಿರಿಜಕ್ಕ ಬಚ್ಚಲಿಗೆ ಹೋದಳು. ನಾನು ಹಾಲಿನಲ್ಲಿ ಮಾನಿಟರ್ ಡೈರಿಗೆ ಸ್ಕೇಲಿನಲ್ಲಿ ಗೆರೆ ಹಾಕುತ್ತಿದ್ದೆ. ಒಳಗೆ ಚೆಂಬು ಬಿದ್ದ ಸದ್ದು. ಆಮೇಲೆ ನೀರು ಸುರಿಯುವ ಸದ್ದು ಮಾತ್ರ, ಎಷ್ಟು ಹೊತ್ತಾದರೂ ಅದೊಂದೇ. ಮಮ್ಮಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

“ಗಿರಿಜಾ! ಏ ಗಿರಿಜಾ, ಬಾಗಿಲು ತೆಗಿ!”

ಮಮ್ಮಿ ಹೆಗಲಿನಿಂದ ಮೂರು ಸಲ ಗುದ್ದಿದ ಮೇಲೆ ಚಿಲಕ ಕಿತ್ತು ಬಂತು. ಗಿರಿಜಕ್ಕ ಗೋಡೆಗೆ ಒರಗಿ ಕುಸಿದಿದ್ದಳು. ಬಚ್ಚಲು ಪೂರ್ತಿ ಹಬೆ. ಅವಳ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು. ನಾವಿಬ್ಬರೂ ಸೇರಿ ಅವಳನ್ನು ಎಳೆದು ತಂದು ಹಾಲಿನ ಎಸಿ ಕೆಳಗೆ, ಅದೇ ಶುಕ್ರವಾರದ ಚಾಪೆಯ ಮೇಲೆ ಮಲಗಿಸಿದೆವು. ನಾನು ಫ್ರಿಜ್ಜಿನಿಂದ ನೀರು ತಂದೆ, ಮಮ್ಮಿ ಒದ್ದೆ ಬಟ್ಟೆ ಹಣೆಗಿಟ್ಟರು. ಅವಳು ಕಣ್ಣು ಬಿಟ್ಟ ಮೇಲೆ ಮಮ್ಮಿ ತಗ್ಗಿದ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು.

“ಎಷ್ಟು ತಿಂಗಳು?”

“ಮೂರಕ್ಕ್ ಬಂತ್, ಬಾಯಮ್ಮ.”

ಹಿಂದಿನ ವರ್ಷ ಎರಡನೇ ತಿಂಗಳಲ್ಲಿ ಒಂದು ಹೋಗಿತ್ತು, ಎಲ್ಲರಿಗೂ ಸಿಹಿ ಹಂಚಿದ ಮೇಲೆ. ಅದಕ್ಕೆ ಈ ಸಲ ಮೂರು ತುಂಬುವ ತನಕ ಯಾರಿಗೂ ಹೇಳುವುದಿಲ್ಲ ಎಂದು ಗಂಡ ಹೆಂಡತಿ ಮಾತು ಮಾಡಿಕೊಂಡಿದ್ದರು. ಬೆಳಿಗ್ಗೆ ಎದ್ದೊಡನೆ ಅವಳಿಗೆ ಸಂಕಟ, ತಣ್ಣೀರು ಮೈಮೇಲೆ ಬಿದ್ದರೆ ಮಾತ್ರ ಅದು ಇಳಿಯುತ್ತಿತ್ತು. ಇಷ್ಟೇ ವಿಷಯ. ಹಳೆಯ ಪದ್ಧತಿ ಇದ್ದಿದ್ದರೆ ಅವಳು ಅಡ್ಡಿ ಉಂಟು ಎಂದು ಸುಮ್ಮನೆ ಚಾ ಕುಡಿದಿದ್ದರೆ ಸಾಕಾಗುತ್ತಿತ್ತು. ನಾನು ಬಂದು ಕಾರಣ ಕೇಳಿದೆ. ಹೇಳಲಾಗದ ಕಾರಣ ಇರುವವರು ನನ್ನ ಹೊಸ ಪದ್ಧತಿಯಲ್ಲಿ ಸೋಲಲೇಬೇಕಿತ್ತು.

ಡಾಕ್ಟರ್ ನೋಡಿ ಮಗುವಿಗೆ ಏನೂ ಆಗಿಲ್ಲ, ಬಿಸಿ ತಾಗದ ಹಾಗೆ ನೋಡಿಕೊಳ್ಳಿ ಎಂದರು. ಕ್ಲಿನಿಕ್ಕಿನಿಂದ ಬಂದ ಶೇಖರಣ್ಣನ ಮುಖ ಮಾತ್ರ ಹಿಡಿಯಷ್ಟಾಗಿತ್ತು. ಈ ಸೆಕೆಯಲ್ಲಿ ಬೇಡ, ಊರಿಗೆ ಕಳಿಸುತ್ತೇನೆ, ನಾನು ಬ್ಯಾಚುಲರ್ ರೂಮಿಗೆ ಹೋಗುತ್ತೇನೆ ಎಂದು ಪಪ್ಪಾನಿಗೆ ಹೇಳಿದರು. ನಾನು ಕೋಣೆಯ ಬಾಗಿಲ ಹಿಂದೆ ನಿಂತು ಕೇಳಿದೆ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಮಮ್ಮಿ ಮಾತ್ರ ಪಾತ್ರೆ ತೊಳೆಯುತ್ತ, ನನಗೆ ಅಂತಲೂ ಅಲ್ಲ, ತಮಗೇ ಅಂತಲೂ ಅಲ್ಲ ಎನ್ನುವಂತೆ ಹೇಳಿದರು.

“ನನಗೆ ಅಂದಾಜು ಇತ್ತು. ನಾನು ಕೈ ಎತ್ತಲಿಲ್ಲ. ಅಷ್ಟು ಸಾಕಾಗಲಿಲ್ಲ.”

ಸಂಜೆ ಗಿರಿಜಕ್ಕನ ಕೋಣೆಯ ಬಾಗಿಲಲ್ಲಿ ಹೋಗಿ ನಿಂತೆ. ಒಳಗೆ ಕಾಲಿಡಲು ಧೈರ್ಯವಿರಲಿಲ್ಲ.

“ಬಾ ಹೆಣೆ. ಬಾಗ್ಲಲ್ಲ್ ಎಂತಕೆ ನಿಂತ್ಕಂಡದ್ದ್?”

ತಪ್ಪಾಯಿತು ಎಂದು ಹೇಳಲು ಹೋದವಳು ಜೋರಾಗಿ ಅತ್ತುಬಿಟ್ಟೆ. ಅವಳು ನನ್ನನ್ನು ಮಂಚದ ಅಂಚಿಗೆ ಕೂರಿಸಿಕೊಂಡು ಸೆರಗಿನಲ್ಲಿ ಮೂಗು ಒರೆಸಿದಳು. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಊರಿಗೆ ಹೋಗುತ್ತೀರಾ ಎಂದು ಕೇಳಿದೆ.

“ಅವ್ರ್ ಹೇಳಿ ಆಯ್ತಲೆ. ಹೋಯ್ಕ್.”

“ಹೋಗಬೇಕು ಸರಿ. ನಿಮಗೆ ಇಷ್ಟ ಉಂಟಾ?”

ಮಂಚದ ಪಕ್ಕದಲ್ಲಿ ನೀರಿನ ಲೋಟ ಇತ್ತು. ಅದಕ್ಕೆ ಬೆರಳು ಅದ್ದಿ, ಬಾಗಿ, ನೆಲದ ಮೇಲೆ ಮೂರು ಅಕ್ಷರ ಬರೆದಳು. ಇಲ್ಲೆ ಎಂದು ಬರೆಯಲು ಎರಡು ಸಾಕು, ಬಗ್ಗಿ ನೋಡಿದರೆ ಅವಳು ಬರೆದದ್ದು ‘ಹೆದ್ರಿಕೆ’. ಯಾಕೆ ಹೆದರಿಕೆ ಎಂಬುದನ್ನು ಆಮೇಲೆ ಕಿವಿಯಲ್ಲಿ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ನೆಲ ಒಣಗಿತ್ತು.

“ಯಾರಿಗೂ ಹೇಳೂಕಾಗ, ಆಯ್ತಾ?”

ನಾನು ಶಿಲುಬೆಯ ಗುರುತು ಮಾಡಿ ಮಾತು ಕೊಟ್ಟೆ.

ಮಾರನೆಯ ದಿನ ಶುಕ್ರವಾರ. ಚಾಪೆ ಹಾಸಿದ್ದಾಯಿತು, ಚಾ ಬಂತು. ಬ್ಯಾಡ್ಜನ್ನು ನಾನು ಶಾಲೆಯ ಚೀಲದಲ್ಲಿ ತುರುಕಿ ಬಂದಿದ್ದೆ. ಶೇಖರಣ್ಣ ವಿಷಯ ಹೇಳಿದರು: ಮುಂದಿನ ವಾರಕ್ಕೆ ಟಿಕೆಟ್ ಮಾಡಿಸುತ್ತೇನೆ, ಗಿರಿಜ ಹೋಗಲಿ. ನಿಜ ಹೇಳಬೇಕೆಂದರೆ ಇದು ಸಭೆ ತೀರ್ಮಾನಿಸುವ ಸಂಗತಿಯೇ ಅಲ್ಲ, ಗಂಡ ಹೆಂಡತಿಯ ಮಾತು. ಆದರೂ ಎರಡು ವರ್ಷದ ಅಭ್ಯಾಸ, ಪಪ್ಪಾನ ಬಾಯಿಂದ ಆ ಪ್ರಶ್ನೆ ತಾನಾಗಿ ಬಂದುಬಿಟ್ಟಿತು.

“ಅಡ್ಡಿ ಉಂಟಾ?”

“ಉಂಟು,” ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ಪಪ್ಪಾನ ಕಣ್ಣು ಕೆಂಪಾಯಿತು.

“ಇನ್ನೊಮ್ಮೆ ಕೈ ಎತ್ತಿಸಬೇಕಾ ನಿನಗೆ?”

“ಬೇಡ. ಹಳೆಯ ಹಾಗೆಯೇ. ನಾನು ಅಡ್ಡಿಲ್ಲ ಅಂತ ಹೇಳುವುದಿಲ್ಲ.”

ಶೇಖರಣ್ಣ ಸಿಟ್ಟಾಗಲಿಲ್ಲ. ದಣಿದ ದನಿಯಲ್ಲಿ ಕೇಳಿದರು.

“ಎಂತಕ್ಕೆ ಮಗಾ? ಕಾರಣ ಹೇಳು.”

ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಗಿರಿಜಕ್ಕನನ್ನು ನೋಡಿದೆ. ಅವಳು ಹಿಂದಿನ ಸಲದಂತೆಯೇ ಕೆಟಲಿನ ಮುಚ್ಚಳ ನೋಡುತ್ತಿದ್ದಳು.

“ಹಾಗೇ,” ಎಂದೆ.

ಎರಡು ವಾರದ ಹಿಂದೆ ತಾವು ಆಡಿದ ಮಾತು ತಮಗೇ ಮರಳಿ ಬಂದದ್ದು ಶೇಖರಣ್ಣನಿಗೆ ತಿಳಿಯಿತು. ಚಾದ ಮೇಲೆ ಕೆನೆ ಕಟ್ಟಿತು. ಕೆಳಗೆ ಶುಕ್ರವಾರವೆಂದು ಗ್ಯಾರೇಜುಗಳು ಮುಚ್ಚಿದ್ದವು, ಎಸಿಯ ಗುರ್ ಎನ್ನುವ ಸದ್ದು ಬಿಟ್ಟರೆ ನಿಶ್ಶಬ್ದ. ಮಸೀದಿಯಿಂದ ಇಳಿಹೊತ್ತಿನ ಅಸರ್ ಬಾಂಗ್ ಕೇಳಿತು. ನನ್ನ ಕಾಲು ಜೋಮು ಹಿಡಿಯಿತು. ಏಳುತ್ತೇನೆಂದರೆ ಸೋತ ಹಾಗೆ ಎಂದು ಹೆಬ್ಬೆರಳನ್ನು ಮಾತ್ರ ಅಲ್ಲಾಡಿಸುತ್ತ ಕುಳಿತೆ. ಪಪ್ಪಾ ಒಂದು ಸಲ ಗದರಿದರು, ಒಂದು ಸಲ ಪುಸಲಾಯಿಸಿದರು. ನಾನು ತಲೆ ಅಲ್ಲಾಡಿಸಿದೆ. ಕೊನೆಗೆ ಬಾಯಿ ಬಿಟ್ಟದ್ದು ಮಮ್ಮಿ. ಆ ಎರಡು ವರ್ಷದಲ್ಲಿ ಆ ಚಾಪೆಯ ಮೇಲೆ ಯಾವ ವಿಷಯಕ್ಕೂ ಅವರು ಅಡ್ಡಿಲ್ಲ ಎನ್ನುವುದರ ಹೊರತು ಬೇರೆ ಅಭಿಪ್ರಾಯ ಹೇಳಿದ್ದನ್ನು ನಾನು ಕೇಳಿರಲಿಲ್ಲ.

“ನನ್ನದೂ ಅಡ್ಡಿ ಉಂಟು.”

“ನಿನಗೆ ಎಂತದು ಈಗ?” ಪಪ್ಪಾ ಕಕ್ಕಾಬಿಕ್ಕಿಯಾದರು.

“ನನಗೂ ಹಾಗೇ.”

ಗಿರಿಜಕ್ಕ ಮುಚ್ಚಳದಿಂದ ಕಣ್ಣು ಎತ್ತಿದಳು. ಮೊದಲು ಮಮ್ಮಿಯನ್ನು ನೋಡಿದಳು, ಆಮೇಲೆ ಗಂಡನನ್ನು.

“ನಾ ಹೋತಿಲ್ಲೆ,” ಎಂದಳು. “ನಂದೂ ಅಡ್ಡಿಯೇ.”

“ಅದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ತಿ?”

“ನೀವ್ ಕೇಣ್ಲೇ ಇಲ್ಲೆ.”

ಶೇಖರಣ್ಣ ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ. ಹಾಗಾದರೆ ಈ ಸೆಕೆಗೆ ಏನು ಮಾಡುವುದು ಪೊರ್ಬುಗಳೇ ಎಂದು ಕೇಳಿದರು. ಆಗ ಪಪ್ಪಾ, ಎರಡು ವಾರದ ಹಿಂದೆಯೇ ಹೊಳೆಯಬೇಕಿದ್ದ ಒಂದು ಮಾತು ಹೇಳಿದರು. ನೀರು ತಣಿಯುವುದಕ್ಕೆ ಗೀಸರೇ ಯಾಕೆ ಬೇಕು? ಅವರ ಸ್ಟೋರಿನಲ್ಲಿ ಹೊಸ ಪ್ಲಾಸ್ಟಿಕ್ ಡ್ರಮ್ ಇತ್ತು. ಅದನ್ನು ತಂದು ಹಾಲಿನ ಎಸಿ ಕೆಳಗೆ ಇಟ್ಟು ಸಂಜೆಯೇ ತುಂಬಿಸಿಟ್ಟರೆ ಬೆಳಗಾಗುವಾಗ ಐದು ಜನರಿಗೆ ಸಾಕಾಗುವ ತಣ್ಣೀರು. ಗೀಸರ್ ಪೂರ್ತಿ ಗಿರಿಜಕ್ಕನಿಗೆ. ಮೂರಕ್ಕೆ ಎರಡು ಎಂದು ಖಲಾಸ್ ಹೇಳಿದ ದಿನ ನಾವು ಯಾರೂ ಇನ್ನೊಂದು ದಾರಿ ಹುಡುಕಲೇ ಇಲ್ಲ, ಗೆದ್ದಾಗಿತ್ತಲ್ಲ. ಆ ಸಂಜೆ ಗಂಡಸರಿಬ್ಬರೂ ಡ್ರಮ್ಮನ್ನು ಮೂರು ಮಹಡಿ ಹೊತ್ತು ತಂದರು. ಬಕೆಟಿನಲ್ಲಿ ನೀರು ಹೊತ್ತು ತುಂಬಿಸುವ ಕೆಲಸ ಬೇಸಿಗೆ ಮುಗಿಯುವ ತನಕ ನನ್ನದು. ಅದನ್ನು ನಾನೇ ಕೇಳಿ ಪಡೆದೆ. ರೋಶನ್ ಕಿಟಕಿಯ ಸೀಟನ್ನು ಮಾತ್ರ ಹಿಂದಿರುಗಿಸಲಿಲ್ಲ.

ಡಿಸೆಂಬರಿನಲ್ಲಿ ಗಿರಿಜಕ್ಕ ಮಸ್ಕತ್ತಿನ ಆಸ್ಪತ್ರೆಯಲ್ಲೇ ಹೆತ್ತಳು. ಹೆಣ್ಣುಮಗು. ಮಮ್ಮಿ ಬಾಣಂತನ ಮಾಡಿದರು, ಆ ಹೊತ್ತಿಗೆ ಗೀಸರಿನ ಸ್ವಿಚ್ ಮತ್ತೆ ಹಾಕಲಾಗಿತ್ತು. ಮಗುವಿಗೆ ಸುಪ್ರಿಯಾ ಎಂಬ ಹೆಸರು ಗೊತ್ತಾಗಲು ಮೂರು ಶುಕ್ರವಾರ ಹಿಡಿಯಿತು. ಅದು ನನಗೆ ತಡ ಎನಿಸಲಿಲ್ಲ.

ಶಾಸನಸಭೆಯಲ್ಲಿ ಒಂದು ಸಮಿತಿಗೆ ನಾನು ಅಧ್ಯಕ್ಷೆಯಾಗಿದ್ದಾಗ ಬೇಕಾದಷ್ಟು ಮತಗಳು ಜೇಬಿನಲ್ಲಿದ್ದ ಒಂದು ಮಸೂದೆಯನ್ನು ಮುಂದಕ್ಕೆ ಹಾಕಿದೆ. ಅದರಿಂದ ಅತಿ ಹೆಚ್ಚು ಲಾಭವಾಗಬೇಕಿದ್ದ ಊರಿನ ಮುದುಕ ಸದಸ್ಯನೊಬ್ಬ ಅದರ ವಿರುದ್ಧ ಕೈ ಎತ್ತಿದ್ದ. ನನ್ನ ಪಕ್ಷದವರು ಕೆಂಡವಾದರು, ಎಣಿಸಲು ಬಾರದ ಪ್ರೊಫೆಸರ್ ಎಂದು ಪತ್ರಿಕೆಯೊಂದು ಬರೆಯಿತು. ನಾನು ಅವನ ಪಕ್ಕ ಹೋಗಿ ಕುಳಿತು, ಕಾರಣ ಹೇಳಬೇಕಾಗಿಲ್ಲ, ಏನು ಬದಲಾಯಿಸಬೇಕು ಅಷ್ಟು ಹೇಳಿ ಎಂದೆ. ಮಸೂದೆ ಮುಂದಿನ ವರ್ಷ ಬೇರೆ ರೂಪದಲ್ಲಿ ಬಂತು, ಅವನ ಕೈಯೂ ಸೇರಿ ಎಲ್ಲರ ಕೈ ಮೇಲಿತ್ತು. ಸುತ್ತಿಗೆ ಬಡಿದು ನಾನು ಮೆಲ್ಲಗೆ ಖಲಾಸ್ ಎಂದೆ. ಪಕ್ಕದ ಗುಮಾಸ್ತೆ, ಏನಂದಿರಿ ಎಂದು ಕೇಳಿದಳು.

ಹೋದ ಚಳಿಗಾಲ ಒಂದು ಉಪನ್ಯಾಸಕ್ಕೆಂದು ಮಸ್ಕತ್ತಿಗೆ ಹೋದವಳು ಊರ ಹೊರಗಿನ ಅಲ್ ಮಬೇಲಾಕ್ಕೂ ಹೋದೆ. ಸುಪ್ರಿಯಾ ಅಲ್ಲಿ ಗಂಡ, ಮಕ್ಕಳೊಂದಿಗೆ ಇದ್ದಾಳೆ. ಗಿರಿಜಕ್ಕ, ಶೇಖರಣ್ಣ ವರ್ಷಕ್ಕೆ ಕೆಲವು ತಿಂಗಳು ಮಗಳ ಮನೆಯಲ್ಲಿ. ನನ್ನ ಆತ್ಮಕಥೆಯ ಈ ಅಧ್ಯಾಯವನ್ನು ಬರೆದುಕೊಂಡು ಹೋಗಿದ್ದೆ. ಗಿರಿಜಕ್ಕನ ಕಣ್ಣು ಈಗ ಮಂಜು, ಆದ್ದರಿಂದ ನಾನೇ ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಮೀನಿನ ಹೆಸರು ನಾನು ತಪ್ಪಾಗಿ ಬಂಗುಡೆ ಎಂದು ಬರೆದಿದ್ದೆ, ಬೂತಾಯಿ ಎಂದು ತಿದ್ದಿಸಿದಳು. ಅಡುಗೆಮನೆಯ ಟೈಲ್ಸ್ ಬಂದಾಗ ಮುಗುಳ್ನಕ್ಕಳು. ಬಚ್ಚಲು ಬಂದಾಗ ಅವಳ ಕೈ ನನ್ನ ಮೊಣಕಾಲಿನ ಮೇಲೆ ಬಂತು. ಅವಳು ನನ್ನ ಕಿವಿಯಲ್ಲಿ ಹೇಳಿದ್ದನ್ನು, ಇಷ್ಟು ವರ್ಷವಾಯಿತಲ್ಲ ಎಂಬ ಧೈರ್ಯದಿಂದ, ನಾನು ಆ ಪ್ರತಿಯಲ್ಲಿ ಪೂರ್ತಿ ಬರೆದಿದ್ದೆ. ಓದಿ ಮುಗಿಸಿ ಹಾಳೆಗಳನ್ನು ಜೋಡಿಸಿಟ್ಟು ಕೇಳಿದೆ.

“ಗಿರಿಜಕ್ಕಾ, ಇದನ್ನು ಅಚ್ಚು ಹಾಕಿಸುತ್ತೇನೆ. ಅಡ್ಡಿ ಉಂಟಾ?”

ಒಳಕೋಣೆಯಲ್ಲಿ ಶೇಖರಣ್ಣ ಕೆಮ್ಮಿದರು. ನಾನು ಕಾಯುತ್ತ ಕುಳಿತೆ, ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

“ಕಿಮಿಯಂಗೆ ಹೇಳಿದ್ದ್ ಒಂದ್ ಬಿಡ್ ಹೆಣೆ,” ಎಂದಳು. “ಉಳ್ದದ್ದ್ ಎಲ್ಲ ಅಡ್ಡಿಲ್ಲೆ.”

ಪೆನ್ನು ತೆಗೆದು ಅವಳೆದುರೇ ಆ ಸಾಲುಗಳನ್ನು ಹೊಡೆದುಹಾಕಿದೆ. ಯಾಕೆ ಎಂದು ನಾನು ಕೇಳಲಿಲ್ಲ.